ತಿರುಮಲ ಅಂಕಲ್ ಕೇಳದೇ ಬಿಟ್ಟ ಓಟುಗಳು

ತಿರುಮಲ ಅಂಕಲ್ ಅಂದರೆ ನನಗೆ ಪ್ರಾಣ. ಮೈಸೂರಿನಿಂದ ಕಡಲು ದಾಟಿ ಬಂದು, ಸ್ಟಾಫರ್ಡ್ ಹತ್ತಿರದ ನಮ್ಮ ಪುಟ್ಟ ಊರಿನಲ್ಲಿ ಗೆಳೆಯ ನಂದಕುಮಾರ್ ಜೊತೆ ಟೈಲ್ಸ್ ಅಂಗಡಿ ತೆರೆದು, ಸಾಲದೆಂಬಂತೆ ನಾಯಿ ಇರುವ ಮನೆಗಳನ್ನೂ ಬಿಡದೆ ಬಾಗಿಲು ತಟ್ಟಿ ಸಿಟಿ ಕೌನ್ಸಿಲ್‌ಗೂ ಗೆದ್ದುಬಿಟ್ಟ ಮನುಷ್ಯ.

ಹಾರ್ವಿ ಚಂಡಮಾರುತ ಬಂದಾಗ ನಮ್ಮ ಬೀದಿಗಳಲ್ಲಿ ಸೊಂಟದವರೆಗೆ ನೀರು ನಿಂತಿತ್ತು. ಅದಾದ ಕೆಲವೇ ತಿಂಗಳಿಗೆ, ಮಳೆನೀರು ಇಂಗುವ ಬಯಲಿನಲ್ಲಿ ಮದುವೆ ಹಾಲ್ ಕಟ್ಟುವ ಪ್ರಸ್ತಾಪ ಕೌನ್ಸಿಲ್ ಮುಂದೆ ಬಂತು. ನಮ್ಮ ಕನ್ನಡದವರಿಗೆಲ್ಲ ಆ ಹಾಲ್ ಬೇಕಿತ್ತು, ಟೈಲ್ಸ್ ಕೆಲಸವೂ ಇವರ ಅಂಗಡಿಗೇ ಬರುತ್ತಿತ್ತು. ಆದರೂ ಅಂಕಲ್ ವಿರುದ್ಧ ಕೈಯೆತ್ತಿದರು. ಹಾಲ್ ನಿಂತುಹೋಯಿತು.

"ಬಿಡೋ, ನೀನು ಹೇಳೋದೂ ಸರೀನೇ," ಎಂದು ನಂದಕುಮಾರ್ ಅಂಕಲ್ ನಕ್ಕರು.

ಮೇ ತಿಂಗಳಲ್ಲಿ ಮತ್ತೆ ಚುನಾವಣೆ. ಅಂಕಲ್ ಗೆದ್ದರೆ ಬಯಲು ಉಳಿಯುತ್ತದೆ, ಸೋತರೆ ಹಾಲ್ ಏಳುತ್ತದೆ. ಇಷ್ಟಾದರೂ ಅವರು ಕನ್ನಡದ ಮನೆಗಳಿಗೆ ಮಾತ್ರ ಹೋಗಲಿಲ್ಲ.

"ಅಂಕಲ್, ನಮ್ಮವರ ಕಡೆಗೂ ಒಂದ್ ರೌಂಡ್ ಹೋಗೋಣ್ವಾ?" ಎಂದು ಕೇಳಿದೆ.

"ನಮ್ಮವರ ಹತ್ರ ಓಟು ಕೇಳೋದೇನಮ್ಮಾ, ತಂಗಿ ಮನೇಲಿ ಊಟ ಹಾಕು ಅಂತ ಕೇಳಿದ ಹಾಗೆ. ಅದೆಲ್ಲ ನಂದು ನೋಡ್ಕೋತಾನೆ."

ನೋಡಿಕೊಂಡರು. ಮತದಾನದ ದಿನ ಬಿಸಿಲಲ್ಲಿ ಬೋರ್ಡ್ ಹಿಡಿದು ನಾವು, ಒಳಗೆ ಪ್ರಚಾರ ಮಾಡಬಾರದೆಂದು ಮತಗಟ್ಟೆಯಿಂದ ದೂರ ಎಳೆದ ಗೆರೆಯಾಚೆ ನಿಂತಿದ್ದೆವು. ನಂದಕುಮಾರ್ ಅಂಕಲ್ ವ್ಯಾನ್ ತುಂಬ ನಮ್ಮವರನ್ನು ಕರೆತಂದರು, ನಾನು ಕುಣಿದು ಕೈಬೀಸಿದೆ, ಆಮೇಲೆ ನೋಡಿದರೆ ನಂದಕುಮಾರ್ ಅಂಕಲ್ ಟೀ ಶರ್ಟ್ ಮೇಲೆ ಎದುರಾಳಿಯ ಹೆಸರು.

"ಇದೇನೋ, ನಂದು?" ಎಂದರು ತಿರುಮಲ ಅಂಕಲ್.

"ಹಾಲ್ ಬೇಕು ಕಣೋ ಎಲ್ರಿಗೂ. ಮೊದ್ಲೇ ಹೇಳಿದ್ರೆ ನಿಂಗೆ ಬೇಜಾರಾಗ್ತಿತ್ತು."

"ಹೌದೌದು, ಈಗ ತುಂಬ ಖುಷಿಯಾಗಿದೆ ನೋಡು."

ವ್ಯಾನಿನಿಂದ ಇಳಿದ ನಿರುಪಮಾ ಆಂಟಿ, ಯುಗಾದಿಗೆ ಅಂಕಲ್ ಮನೆಯಲ್ಲೇ ಹೋಳಿಗೆ ತಿಂದವರು, ಮೊಬೈಲ್ ನೋಡುತ್ತ ನಮ್ಮನ್ನು ದಾಟಿಹೋದರು. ಅವರ ಹಿಂದೆ ಉಳಿದವರೂ.

ಅಂಕಲ್ ಸೋತರು.

ಸೋಮವಾರ ಅಂಗಡಿಯಲ್ಲಿ ನಂದಕುಮಾರ್ ಅಂಕಲ್ ಏನೂ ಆಗಿಲ್ಲವೆಂಬಂತೆ ಕಾಫಿ ತಂದಿಟ್ಟರು. "ಪಾಲಿಟಿಕ್ಸ್ ಬೇರೆ, ಬಿಸಿನೆಸ್ ಬೇರೆ. ಕುಡಿ."

"ನಿನಗೆ ಓಟು ಹಾಕಲ್ಲ ಅಂತ ಮುಖಕ್ಕೇ ಹೇಳಿದ್ದಿದ್ರೆ ಜಗಳ ಆಡ್ತಿದ್ದೆ, ಆಮೇಲೆ ಇದನ್ನೂ ಕುಡೀತಿದ್ದೆ," ಎಂದರು ತಿರುಮಲ ಅಂಕಲ್.

ಅಂಗಡಿಯನ್ನು ನಂದುವಿಗೇ ಬಿಟ್ಟು ಮೂರು ಗಂಟೆ ದಾರಿಯ ಫ್ಲೂಗರ್‌ವಿಲ್‌ಗೆ ಶಿಫ್ಟ್ ಆದರು. ಈಗ ಅಲ್ಲಿ ಜನರ ಬಾತ್‌ರೂಮುಗಳಿಗೆ ಒಬ್ಬರೇ ಟೈಲ್ಸ್ ಹಾಕುತ್ತಾರೆ. ಪಾರ್ಟ್‌ನರ್ ಬೇಕೇ ಎಂದು ಯಾರಾದರೂ ಕೇಳಿದರೆ, ಬೇಡ ಎನ್ನುತ್ತಾರೆ.