ಲಿಫ್ಟಿನಲ್ಲೊಂದು ಟ್ರಯಲ್ ರೂಮು

ನಮ್ಮ ದುಬಾರಿ ಕಟ್ಟಡದಲ್ಲಿ ಒಂದು ಕಾಲಕ್ಕೆ ಮಾಡೆಲ್‌ಗಳೂ ಡಿಸೈನರ್‌ಗಳೂ ತುಂಬಿದ್ದರಂತೆ. ಈಗ ಉಳಿದಿರುವುದು ಹನ್ನೆರಡನೇ ಮಹಡಿಯ ಡಿಸೈನರ್ ಮೇಡಂ ಒಬ್ಬರೇ, ಆದರೆ ಅಷ್ಟೂ ಜನರ ಕಾಟವನ್ನು ಅವರೊಬ್ಬರೇ ಕೊಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಆಫೀಸಿಗೆಂದು ಲಿಫ್ಟ್ ಹತ್ತಿದರೆ, ಶಾಲು ಹೊದ್ದು, ಮುಂಗೈಗೆ ಪಿನ್ನಿನ ದಿಂಬು ಕಟ್ಟಿಕೊಂಡು, ಗೋಡೆಗೆ ಬೆನ್ನು ಒತ್ತಿ ನಿಂತೇ ಇರುತ್ತಾರೆ. ಕೆಳಗೆ ಬಂದರೂ ಇಳಿಯುವುದಿಲ್ಲ. ಮತ್ತೆ ಮೇಲೆ, ಮತ್ತೆ ಕೆಳಗೆ. “ಈ ತೋಳು ಯಾರಮ್ಮ ಹೊಲಿದಿದ್ದು? ಅವನ್ನ ಜೈಲಿಗೆ ಹಾಕ್ಬೇಕು” ಎನ್ನುತ್ತಾ, ಬಾಗಿಲು ತೆರೆಯದಂತೆ ಗುಂಡಿ ಒತ್ತಿ ಹಿಡಿದು ಹತ್ತಿದವರ ಬಟ್ಟೆಗೆ ಪಿನ್ನು ಚುಚ್ಚುತ್ತಾರೆ. ಐದನೇ ಮಹಡಿಯ ವಕೀಲರು ಮೇಡಂ ಒಂದು ಕಾಲು ಮಡಚಿ ಪಿನ್ನು ಹಾಕಿದ ಪ್ಯಾಂಟಿನಲ್ಲೇ ಕೋರ್ಟಿಗೆ ಹೋಗಿ, ಅಂದಿನಿಂದ ಮೆಟ್ಟಿಲು ಹಿಡಿದಿದ್ದಾರೆ. ನಿನ್ನೆ ನಾವಿಬ್ಬರೇ ಇದ್ದಾಗ ನನಗೂ ತಲೆ ಕೆಟ್ಟಿತು. “ನಿಮಗೆ ಬೇರೆ ಕೆಲಸ ಇಲ್ವಾ ಮೇಡಂ?” ಎಂದು ರೇಗಿಬಿಟ್ಟೆ. ಅವರು ಅತ್ತ ತಿರುಗಿ ಶಾಲು ಸರಿಸಿದರು. ಗೌನಿನ ಜಿಪ್ಪು ಕತ್ತಿನಿಂದ ಸೊಂಟದವರೆಗೂ ತೆರೆದೇ ಇತ್ತು. “ಕೈ ಹಿಂದಕ್ಕೆ ಹೋಗಲ್ಲ ಕಣಮ್ಮ. ಮನೇಲಿ ಇನ್ಯಾರೂ ಇಲ್ಲ. ದಿನಾ ಯಾರನ್ನಾದ್ರೂ ಕೇಳೋಣ ಅಂತ ಬರ್ತೀನಿ, ಬಾಯಿ ಬರಲ್ಲ.” ಲಿಫ್ಟು ಕೆಳಗೆ ಬಂದು ನಿಂತಿತು. ಒಂದು ಕೈಯಲ್ಲಿ ಜಿಪ್ಪು ಎಳೆಯುತ್ತಾ, ಬಾಗಿಲು ತೆರೆಯದಂತೆ ಈ ಸಲ ಗುಂಡಿ ಒತ್ತಿ ಹಿಡಿದವಳು ನಾನು.