ಬಲಗಡೆಯ ಹೂವು

ದೇವರ ಬಲಗಡೆಯ ಹೂವಿಗೆ ಅಂಟು ಹಚ್ಚಿದವಳು ನಾನು. ಅದು ಬೀಳಬಾರದೆಂದೇ ಹಚ್ಚಿದೆ. ಬಿದ್ದಿದ್ದರೆ ನನ್ನ ತಮ್ಮ ಈರಣ್ಣ ಚಿತ್ರಕಲೆ ಕಲಿಯಲು ಮುಂಬಯಿಗೆ ಹೋಗುತ್ತಿದ್ದ. ಬೀಳಲಿಲ್ಲ, ಅವನು ಹೋಗಲಿಲ್ಲ. ಇಷ್ಟು ಬರೆಯುವುದಕ್ಕೆ ಒಂದು ಆಯುಷ್ಯವೇ ಬೇಕಾಯಿತು. ಬರೆದು ನೋಡಿದರೆ ನಾಲ್ಕು ಸಾಲು.

ಮಾತಿನಲ್ಲಿ ನಾನು ಮೊದಲಿನಿಂದಲೂ ಜಾಣೆ. ಕಲ್ಲಿನ ಹತ್ತಿರವೂ ಹೂಂ ಅನ್ನಿಸಿಕೊಂಡು ಬರುವವಳು ಎಂದು ಅವ್ವ ನನ್ನನ್ನು ಹಂಗಿಸುತ್ತಿದ್ದಳು. ಅದಕ್ಕೇ ಈರಣ್ಣ ಆ ವರ್ಷ ಸವಣೂರಿನಿಂದ ನನ್ನ ಗಂಡನ ಊರು ಹಿರೇಕೆರೂರಿಗೆ ಬಂದ. ಅರ್ಧ ದಾರಿ ಚಕ್ಕಡಿ, ಅರ್ಧ ದಾರಿ ನಡಿಗೆ. ಧೂಳು ತುಂಬಿದ ಕಾಲು ತೊಳೆಯುವ ಮೊದಲೇ ವಿಷಯ ಹೇಳಿದ. ಶಿಗ್ಗಾವಿ ಕಡೆಯವರಾದ ಶಾಲೆಯ ಡ್ರಾಯಿಂಗ್ ಮಾಸ್ತರ ಸಾಹೇಬರು ಇವನ ಕೈ ನೋಡಿ ಮುಂಬಯಿಯ ಚಿತ್ರಶಾಲೆಗೆ ಕಳಿಸಲೇಬೇಕು ಎಂದು ಹಟ ಹಿಡಿದಿದ್ದಾರೆ. ತಾವೇ ಕರೆದುಕೊಂಡು ಹೋಗಿ ಸೇರಿಸುತ್ತೇನೆ ಎನ್ನುತ್ತಾರೆ. ಅಪ್ಪ ಒಪ್ಪುತ್ತಿಲ್ಲ. ನೀನು ಬಂದು ಹೇಳಿದರೆ ಒಪ್ಪುತ್ತಾನೆ ಎಂದ. ನಾನು ಕಂಕುಳಲ್ಲಿ ಮಗನನ್ನು ಎತ್ತಿಕೊಂಡು ಹೊರಟೆ. ಇದು ಸುಳ್ಳಲ್ಲ — ತಮ್ಮನ ಕೆಲಸ ಮಾಡಿಕೊಡಬೇಕೆಂದೇ ಹೊರಟಿದ್ದೆ.

ಅಪ್ಪನಿಗೆ ಸವಣೂರಿನಲ್ಲಿ ವೀಳ್ಯದೆಲೆ ತೋಟವಿತ್ತು. ನಸುಕಿನಲ್ಲಿ ಬರಿಗಾಲಲ್ಲಿ ಹೋಗಿ ಬಳ್ಳಿಗೆ ಕೈಮುಗಿದು ಎಲೆ ಕೊಯ್ಯುವ ಮನುಷ್ಯ. ಚಿತ್ರ ಬರೆಯುವುದು ಅವನ ಲೆಕ್ಕದಲ್ಲಿ ಕೆಲಸವೇ ಅಲ್ಲ. ಪಲ್ಲಕ್ಕಿಗೆ ಬಣ್ಣ ಬಳಿಯಲು ಚಿತ್ರಗಾರರು ಇಲ್ಲವೇ, ಒಕ್ಕಲುತನದ ಮನೆಯ ಹುಡುಗನಿಗೆ ಅದೇಕೆ ಎಂಬುದು ಅವನ ವಾದ. ಅವ್ವನದು ಬೇರೆ ಭಯ. ಮುಂಬಯಿಯ ಆ ಶಾಲೆಯಲ್ಲಿ ಮನುಷ್ಯರನ್ನು ಬತ್ತಲೆ ನಿಲ್ಲಿಸಿಕೊಂಡು ಬರೆಯುತ್ತಾರೆಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಆಮೇಲೆ ಅವಳಿಗೆ ನಿದ್ದೆಯಿಲ್ಲ.

ನಾನು ಮೊದಲು ಅವ್ವನನ್ನು ಹಿಡಿದೆ. ಡಾಕ್ಟರಿಕೆ ಕಲಿಯುವವರು ಹೆಣ ಕೊಯ್ಯುವುದಿಲ್ಲವೇ, ಹಾಗೆಂದು ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲವೇ ಎಂದು ಕೇಳಿದೆ. ಅಪ್ಪನ ಹತ್ತಿರ ಬೇರೆ ದಾರಿ. ಅವನ ಜೊತೆ ತೋಟಕ್ಕೆ ಹೋಗಿ ಎಲೆ ಜೋಡಿಸುತ್ತ, ಈರಣ್ಣನ ಮಾತೇ ಎತ್ತದೆ, ಸರಕಾರದ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರಿಗೆ ಕುರ್ಚಿ ಕೊಟ್ಟು ಕೂರಿಸುತ್ತಾರಂತೆ ಎಂದು ಊರ ಸುದ್ದಿ ಹೇಳಿದ ಹಾಗೆ ಹೇಳಿದೆ. ಎರಡು ದಿನ ಇದೇ ನಡೆಯಿತು. ಅಪ್ಪ ಮೆತ್ತಗಾದ. ಊಟಕ್ಕೆ ಕುಳಿತಾಗ, ಯಾರ ಮುಖವನ್ನೂ ನೋಡದೆ ಹೇಳಿದ:

"ನನ್ನ ಮನಸು ಒಂದು ಹೇಳತೈತಿ, ನಿಮ್ಮವ್ವನ ಮನಸು ಒಂದು ಹೇಳತೈತಿ. ಸ್ವಾಮಿಗೆ ಹೂ ಹಚ್ಚೂಣು. ಬಲಕ್ಕ ಕೊಟ್ರ ಹೋಗ್ಲಿ."

ನಮ್ಮಲ್ಲಿ ಮನೆಯವರಿಂದ ತೀರ್ಮಾನವಾಗದ ಮಾತನ್ನು ದೇವರಿಗೆ ಒಪ್ಪಿಸುವ ರೂಢಿ. ಗುಡಿಯ ವೀರಭದ್ರನ ಎರಡು ಭುಜಗಳಿಗೆ ನೀರಲ್ಲಿ ಅದ್ದಿದ ಎರಡು ಹೂವು ಹಚ್ಚಿ, ಕೇಳಬೇಕಾದ್ದನ್ನು ಕೇಳಿ, ಕಾಯುತ್ತ ಕೂಡುವುದು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ. ನಮ್ಮ ಮನೆತನದಲ್ಲಿ ಆ ಹೂವು ತಂದು ಪೂಜಾರಿಯ ಕೈಗೆ ಕೊಡುವವಳು ಮದುವೆಯಾಗಿ ಹೋದ ಮಗಳು. ಅವಳಿಗೆ ತವರಿನಲ್ಲಿ ಪಾಲಿಲ್ಲ, ಆಸೆಯಿಲ್ಲ, ಆದ್ದರಿಂದ ಅವಳ ಕೈ ಚೊಕ್ಕ — ಹಿರಿಯರು ಹೀಗೆ ಲೆಕ್ಕ ಹಾಕಿದ್ದರು. ಹಿರಿಯರ ಲೆಕ್ಕ!

ಅಪ್ಪನ ಮಾತು ಕೇಳಿ ಈರಣ್ಣ ನೆಲದ ಮೇಲೆ ನಿಲ್ಲಲಿಲ್ಲ. ದೇವರು ಬಲಕ್ಕೇ ಕೊಡುತ್ತಾನೆಂಬ ಭರವಸೆ ಅವನಿಗೆ. ನನ್ನನ್ನು ಹಿತ್ತಲ ಕೋಣೆಗೆ ಕರೆದುಕೊಂಡು ಹೋಗಿ ತನ್ನ ಚಿತ್ರಗಳನ್ನೆಲ್ಲ ಹರವಿದ. ಒಂದರಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಇನ್ನೊಂದರಲ್ಲಿ ಅಪ್ಪ ಬಳ್ಳಿ ಕಟ್ಟುತ್ತಿದ್ದ, ಮತ್ತೊಂದರಲ್ಲಿ ಮಸೀದಿಯ ಮುಂದೆ ಕುದುರೆ ನಿಂತಿತ್ತು. ಕೊನೆಗೊಂದು ದೊಡ್ಡ ಕಾಗದ ಬಿಚ್ಚಿದ. ಅದರ ತುಂಬ ನವಿಲುಗಳು. ಕತ್ತು ಹಿಂದಕ್ಕೆ ತಿರುಗಿಸಿ ತಮ್ಮ ಗರಿಯನ್ನೇ ತಾವು ನೋಡಿಕೊಳ್ಳುವ ನವಿಲುಗಳು.

ಅವು ನನ್ನವು. ಮದುವೆಗೆ ಮೊದಲು, ಪಂಚಮಿ ಹಬ್ಬಕ್ಕೆ, ಇದೇ ಮನೆಯ ಪಡಸಾಲೆಯ ಗೋಡೆಗೆ ಸುಣ್ಣ ಕೆಮ್ಮಣ್ಣಿನಲ್ಲಿ ನಾನು ಬರೆದಂಥವು. ಕತ್ತು ತಿರುಗಿಸುವುದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಓಣಿಯ ಹೆಂಗಸರು ಬಂದು ನೋಡಿ ಹೋಗಿದ್ದರು. ನನ್ನ ಮದುವೆ ಬಂತೆಂದು ಅಪ್ಪ ಗೋಡೆಗೆ ಸುಣ್ಣ ಹೊಡೆಸಿದ. ಈಗ ಅವು ಕಾಗದದ ಮೇಲೆ ನಿಂತಿದ್ದವು, ಕೆಳಗೆ ಮಾಸ್ತರರ ಕೈಬರಹದಲ್ಲಿ 'ಶಾಬಾಸ್' ಎಂದಿತ್ತು.

"ಇವು ನಿನ್ನವ ಅಕ್ಕಾ," ಎಂದ ಈರಣ್ಣ. "ನಾ ಬರೇ ಕಾಗದಕ್ಕ ಇಳಿಸೇನಿ."

ಪ್ರೀತಿಯಿಂದ ಹೇಳಿದ ಮಾತು. ಅದು ಆಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ — ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿತು. ಇವನಿಗಾಗಿ ಮಾಸ್ತರರು ಮನೆಗೆ ಬಂದರು, ಅಕ್ಕ ಊರಿಂದ ಬಂದಳು, ಅಪ್ಪ ಎರಡು ದಿನ ಸರಿಯಾಗಿ ಉಣ್ಣದೆ ಯೋಚಿಸಿದ, ನಾಳೆ ದೇವರು ಕೂಡ ಉತ್ತರ ಕೊಡಬೇಕು. ನನ್ನ ವಿಷಯ ಕೇಳಲಿಕ್ಕೆ ಯಾರೂ ಯಾವ ದೇವರಿಗೂ ಹೂ ಹಚ್ಚಿರಲಿಲ್ಲ. ಇದನ್ನು ಸಮರ್ಥನೆಗೆ ಹೇಳುತ್ತಿಲ್ಲ. ಅವ್ವನ ಕಣ್ಣೀರು ನೋಡಲಾರದೆ ಹಾಗೆ ಮಾಡಿದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ಅದಲ್ಲ. ಹೊಟ್ಟೆಕಿಚ್ಚು, ಅಷ್ಟೇ.

ಕೋಣೆಯ ಮೂಲೆಯಲ್ಲಿ ತೆಂಗಿನ ಚಿಪ್ಪಿತ್ತು. ಅದರಲ್ಲಿ ಅವನು ಬಣ್ಣಕ್ಕೆ ಬೆರೆಸಲು ನೆನೆಹಾಕಿದ್ದ ಜಾಲಿಯ ಅಂಟು. ಮರುದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲಿ ಹಿತ್ತಲಿಗೆ ಹೋಗಿ ಎರಡು ಕಣಗಿಲೆ ಹೂ ಕೊಯ್ದೆ. ಒಂದರ ಬೆನ್ನಿಗೆ ಅವನ ಅಂಟನ್ನೇ ಸವರಿದೆ. ಅದನ್ನು ಬಲಗೈಯಲ್ಲಿ ಹಿಡಿದೆ. ಬಲಗೈಯ ಹೂವು ದೇವರ ಬಲಕ್ಕೆ, ಎಡಗೈಯದು ಎಡಕ್ಕೆ — ಪೂಜಾರಿ ಹಾಗೆಯೇ ತೆಗೆದುಕೊಳ್ಳುತ್ತಿದ್ದ. ಅವನಿಗೆ ಕಣ್ಣು ಮಂಜು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ. ಆ ಪೂಜಾರಿಯದು ಏನೂ ತಪ್ಪಿಲ್ಲ.

ಗುಡಿಯಲ್ಲಿ ಪೂಜಾರಿ ಹೂ ಹಚ್ಚಿದ, ನಾವೆಲ್ಲ ಎದುರಿಗೆ ಕುಳಿತೆವು. ಈರಣ್ಣ ಕಣ್ಣು ಮುಚ್ಚಿರಲಿಲ್ಲ. ಎಡಗಡೆಯ ಹೂವು ನೀರಾರುತ್ತಲೇ ಸಡಿಲಾಗಿ ಜಾರಿತು. ಅಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡ. ಅವನಿಗೂ ನೋವಾಯಿತು ಎಂಬುದನ್ನು ಆಗ ನೋಡಿದೆ — ಅಷ್ಟರಲ್ಲಿ ಅವನು ಮನಸ್ಸಿನಲ್ಲಿ ಮಗನನ್ನು ಕಳಿಸಿಯಾಗಿತ್ತು. ನಾನು ಗೆದ್ದಿದ್ದೆ, ನನ್ನ ಮಾತೇ ಗೆದ್ದಿತ್ತು, ಅದನ್ನೇ ನಾನು ಕೊಂದೆ.

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಬಲಗಡೆಯ ಹೂವು ಸಂಜೆಯಾದರೂ ಬೀಳಲಿಲ್ಲ. ಬಾಡಿ ಕಪ್ಪಾದರೂ ದೇವರ ಭುಜ ಬಿಡಲಿಲ್ಲ. ಇಂಥ ಗಟ್ಟಿ ನಿರಾಕರಣೆಯನ್ನು ತನ್ನ ಜನ್ಮದಲ್ಲೇ ಕಂಡಿಲ್ಲ ಎಂದು ಪೂಜಾರಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದ. ಜನ ನೋಡಲು ಬಂದರು, ಕಾಯಿ ಒಡೆಸಿದರು. ಬರೀ ಬೇಡ ಎಂದಿದ್ದರೆ ಅಪ್ಪ ಮುಂದೊಂದು ಸಲ ಕೇಳಿ ನೋಡುತ್ತಿದ್ದನೇನೋ. ಈಗ ಆ ಬಾಗಿಲೂ ಮುಚ್ಚಿತು. ಮಾಸ್ತರರು ಬಂದು, ಸುದ್ದಿ ಕೇಳಿ, ದೇವರ ಮಾತಿನ ಮೇಲೆ ತಾವೇನು ಮಾತಾಡುವುದು ಎಂದು ಈರಣ್ಣನ ತಲೆ ಸವರಿ ಹೋದರು. ಅವರ ಕಣ್ಣು ತುಂಬಿತ್ತು. ನಾನು ಅವರಿಗೆ ಚಹಾ ಕೊಟ್ಟೆ.

ಈರಣ್ಣ ಅಳಲಿಲ್ಲ, ಸಿಟ್ಟಾಗಲಿಲ್ಲ. ಕುಂಚಗಳನ್ನು ಕೆರೆಗೆ ಹಾಕಿ ಬಂದು ಅಪ್ಪನ ಜೊತೆ ತೋಟಕ್ಕಿಳಿದ. ಒಳ್ಳೆಯ ಒಕ್ಕಲಿಗನಾದ, ಮದುವೆಯಾದ. ಆದರೆ ಅವನ ಬೆರಳು ಅವನ ಮಾತು ಕೇಳುತ್ತಿರಲಿಲ್ಲ. ಉಂಡು ಕುಳಿತಾಗ ತಾಟಿನಲ್ಲಿ ಉಳಿದ ಸಾರಿನಲ್ಲಿ ತಾನಾಗಿಯೇ ಒಂದು ಗೆರೆ ಎಳೆಯುತ್ತಿತ್ತು, ಇನ್ನೊಂದು ಕೂಡುತ್ತಿತ್ತು, ಅಲ್ಲೊಂದು ಎತ್ತೋ ಮುಖವೋ ಮೂಡುವಷ್ಟರಲ್ಲಿ ಅವನಿಗೆ ಎಚ್ಚರವಾಗುತ್ತಿತ್ತು. ಕಳ್ಳನ ಹಾಗೆ ಆಚೀಚೆ ನೋಡಿ ಅಂಗೈಯಿಂದ ಒರೆಸಿಬಿಡುತ್ತಿದ್ದ. ಆಮೇಲೆ ದೇವರ ಗುಡಿಯ ದಿಕ್ಕಿಗೆ ಕೈಮುಗಿಯುತ್ತಿದ್ದ. ತವರಿಗೆ ಹೋದಾಗೆಲ್ಲ ಇದನ್ನು ನೋಡಿದ್ದೇನೆ. ಕಳ್ಳಿ ನಾನು. ಆಚೀಚೆ ನೋಡುತ್ತಿದ್ದವನು ಅವನು.

ಹೇಳಬೇಕೆಂದುಕೊಂಡೆ. ಅಪ್ಪ ಇರುವ ತನಕ ಅಪ್ಪನ ಹೆದರಿಕೆ. ಅಪ್ಪ ಹೋದ ಮೇಲೆ ಅವ್ವನಿಗೆ ಈ ವಯಸ್ಸಿನಲ್ಲಿ ಯಾಕೆ ಎಂದು. ಅವ್ವನೂ ಹೋದ ಮೇಲೆ — ಏನೂ ಇಲ್ಲ, ಹೇಳಲಿಲ್ಲ.

ನಲವತ್ತರ ದಶಕದ ಕೊನೆಗೆ, ಸ್ವಾತಂತ್ರ್ಯ ಬಂದ ಹೊಸತರಲ್ಲಿ, ನನ್ನ ಮಗ ಮಹಾದೇವ ಅದೇ ಹಾಡು ಹಾಡಿದ. ಅಂದು ಕಂಕುಳಲ್ಲಿದ್ದ ಕೂಸು, ಈಗ ಮೀಸೆ ಬಂದವನು, ಮುಂಬಯಿಗೆ ಹೋಗಿ ಚಿತ್ರ ಕಲಿಯುತ್ತೇನೆ ಎಂದ. ನನ್ನ ಗಂಡನಿಗೆ ಹಿರೇಕೆರೂರಿನಲ್ಲಿ ಹತ್ತಿಯ ವ್ಯಾಪಾರ. ಅಂಗಡಿ ಬಿಟ್ಟು ಬಣ್ಣ ಹಿಡಿಯುವ ಮಗ ಅವರಿಗೆ ಬೇಡ. ಕಲ್ಲಿನಿಂದ ಹೂಂ ಅನ್ನಿಸುವ ನಾನು ಗಂಡನ ಮುಂದೆ ಬಾಯಿ ಬಿಡಲಿಲ್ಲ. ಆ ಹೂವಿನ ದಿನದಿಂದ ನನ್ನ ನಾಲಿಗೆಗೆ ನಾನೇ ಹೆದರುತ್ತಿದ್ದೆ. ಕೊನೆಗೆ ಮಗ ಸೋದರಮಾವನನ್ನು ಕರೆಸಿದ.

ಈರಣ್ಣ ಬಂದ. ನಾಲ್ಕು ಮಾತು ಆಡಿದರೆ ಹೆಚ್ಚು ಎನ್ನುವಂಥ ಮನುಷ್ಯ, ಅಂಗಡಿಯಲ್ಲಿ ನನ್ನ ಗಂಡನ ಪಕ್ಕ ಕುಳಿತು ದಿನವಿಡೀ ಮಾತಾಡಿದ. ಹುಡುಗನ ಕೈಯಲ್ಲಿ ಏನಿದೆ, ಅದನ್ನು ಮುಚ್ಚಿಟ್ಟರೆ ಅದು ಒಳಗೆ ಏನು ಮಾಡುತ್ತದೆ — ಎಲ್ಲ ಹೇಳಿದ. ಬೇರೆ ಯಾರದೋ ಮಾತೆಂಬಂತೆ ಹೇಳಿದ. ನನ್ನ ಗಂಡ ಊಟದ ಹೊತ್ತಿಗೆ ಅರ್ಧ ಒಪ್ಪಿ, ಹಾಗಾದರೆ ಸವಣೂರಿಗೆ ಹೋಗಿ ಸ್ವಾಮಿಗೆ ಹೂ ಹಚ್ಚೋಣ ಎಂದರು. ನನ್ನ ಕೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು. ಈರಣ್ಣ ತುತ್ತು ಕೆಳಗಿಟ್ಟ.

"ದೇವ್ರನ್ನ ಕೇಳೂದು ಬ್ಯಾಡ್ರಿ ಮಾವಾರ. ನಾ ಒಮ್ಮೆ ಕೇಳೇನಿ. ನಮ್ಮ ಮಂದಿ ಚಿತ್ರ ಬರ್ಯೂದು ಆ ಸ್ವಾಮಿಗೆ ಸೇರೂದಿಲ್ಲ. ಕೇಳಲಾರದ ಕಳಸ್ರಿ. ಅದರ ಪಾಪ ಏನಿದ್ರೂ ನನಗ ಹತ್ತಲಿ."

ಆಗ ಹೇಳಬೇಕಿತ್ತು. ಬುಟ್ಟಿ ಇಟ್ಟು, ಅಲ್ಲೇ, ಅವನ ತಾಟಿನ ಮುಂದೆ. ನಾನು ತಲೆ ತಗ್ಗಿಸಿ ಒಳಗೆ ಹೋದೆ.

ಮಹಾದೇವ ಹೋದ, ಕಲಿತ, ಈಗ ಅದೇ ಕೆಲಸದಲ್ಲಿ ಚೆನ್ನಾಗಿದ್ದಾನೆ. ಈರಣ್ಣ ಅಂದಿನಿಂದ ಸೋಮವಾರ ಉಣ್ಣುವುದನ್ನು ಬಿಟ್ಟ. ದೇವರನ್ನು ಕೇಳದೆ ಕಳಿಸಿದ್ದಕ್ಕೆ ತಪ್ಪುಕಾಣಿಕೆ ಅದು. ಹುಡುಗನಿಗೆ ಕೇಡಾಗದಿರಲಿ ಎಂದು ನೀರು ಕೂಡ ಬಾಯಿಗೆ ಹಾಕುವುದಿಲ್ಲ. ಮಹಾದೇವ ಒಮ್ಮೆ ಮಾವನ ಎಲೆ ತೋಟವನ್ನೇ ಬರೆದು ತಂದು ಕೊಟ್ಟ. ಈರಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದ. ಮುಟ್ಟಲಿಲ್ಲ.

ನಿನ್ನೆ ಅವನ ಹೆಂಡತಿ ನೀಲವ್ವ ಬಸ್ಸಿನಲ್ಲಿ ಬಂದಿದ್ದಳು. ಕಳೆದ ಸೋಮವಾರ ಈರಣ್ಣ ತೋಟದಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದನಂತೆ. ಖಾಲಿ ಹೊಟ್ಟೆಯಲ್ಲಿ ಇರಲೇಬಾರದು, ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರರು ಹೇಳಿದ್ದಾರಂತೆ. ಯಾರು ಹೇಳಿದರೂ ಕೇಳುತ್ತಿಲ್ಲ. "ನೀವ ಬಂದು ಹೇಳ್ರಿ ಅಕ್ಕಾರ," ಎಂದು ನನ್ನ ಕೈ ಹಿಡಿದುಕೊಂಡಳು. "ನಿಮ್ಮ ಮಾತು ಅವರು ಮೀರೂದಿಲ್ಲ."

ಅವಳನ್ನು ಕಳಿಸಿ ಕುಳಿತು ಇದನ್ನು ಬರೆದೆ. ಬಾಯಿಂದ ಹೇಳುವಾಗ ಜಾಣತನ ಮಾಡದಿರಲಿ ಎಂದು ಬರೆದೆ. ನಾಳೆ ಸವಣೂರಿಗೆ ಹೋಗುತ್ತೇನೆ, ಸೋಮವಾರ ಬೆಳಿಗ್ಗೆ ಅವನಿಗೆ ನಾನೇ ರೊಟ್ಟಿ ಬಡಿಯುತ್ತೇನೆ. ಅವನ ಸಿಟ್ಟಿಗೆ ನಾನು ಹೆದರುವುದಿಲ್ಲ. ಹೋಗಲಿ ಬಿಡು ಅಕ್ಕಾ ಎಂದುಬಿಡುತ್ತಾನೇನೋ ಎಂಬುದೇ ಹೆದರಿಕೆ. ಕಳೆದುಹೋದ ಆ ವರ್ಷಗಳನ್ನೆಲ್ಲ ಇಟ್ಟುಕೊಂಡು ಅವನು ಇನ್ನು ಏನು ಮಾಡಬೇಕು — ನನಗೆ ಗೊತ್ತಿಲ್ಲ, ಅದನ್ನು ಹೇಳುವ ಹಕ್ಕು ನನಗಿಲ್ಲ. ತಾಟನ್ನು ಅವನ ಮುಂದಿಟ್ಟು ಎದುರಿಗೆ ಕೂಡುತ್ತೇನೆ, ಅಂಟಿನ ಮಾತನ್ನು ಮೊದಲು ಹೇಳುತ್ತೇನೆ. ಅವನು ಉಂಡರೆ ಉಣ್ಣಲಿ, ತಾಟನ್ನು ಎತ್ತಿ ನನ್ನ ಮೇಲೆ ಎಸೆದರೆ ಎಸೆಯಲಿ. ಅವನು ಹೋಗು ಎನ್ನುವ ತನಕ ನಾನು ಅಲ್ಲಿಂದ ಏಳುವುದಿಲ್ಲ.