ಮೂರನೆಯ ಭಾಗಕ್ಕೆ ಬಂದ ಅಭಿಪ್ರಾಯಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾನು ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ಚಿಕ್ಕ ವಾಚನಾಲಯವಿತ್ತು. ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿದ್ದ ಗುಮಾಸ್ತರೊಬ್ಬರು ಅದನ್ನು ನೋಡಿಕೊಳ್ಳುತ್ತಿದ್ದರು. ಕಾಗದಕ್ಕೆ ಬರ ಬಂದು ಪತ್ರಿಕೆಗಳೆಲ್ಲ ತೆಳ್ಳಗಾಗಿದ್ದವು. ಹೊಸ ಪುಸ್ತಕ ಬರುತ್ತಿರಲಿಲ್ಲ. 'ಅಚ್ಚಿನದು ಸಿಗದಿದ್ದರೆ ಕೈಬರಹದ್ದು ಓದೋಣ, ನೀವೇ ಏನಾದರೂ ಬರೀರಿ' ಎಂದು ಗುಮಾಸ್ತರು ನನ್ನ ಬೆನ್ನು ಹತ್ತಿದರು.

ನಾನು ಬರೆದದ್ದು 'ಅಂಗಾರಕ ಯಾನ'. ಏಳು ಜನ ಒಂದು ನೌಕೆಯಲ್ಲಿ ಕೂತು ಮಂಗಳ ಗ್ರಹಕ್ಕೆ ಹೊರಡುವ ಕಥೆ. ಒಂದೊಂದು ಭಾಗಕ್ಕೆ ಒಂದೊಂದು ನೋಟ್‌ಬುಕ್. ಹಿಂದಿನ ಹಾಳೆಗಳನ್ನು ಖಾಲಿ ಬಿಡುತ್ತಿದ್ದೆವು. ಓದಿದವರು ಅಲ್ಲಿ ತಮ್ಮ ಅಭಿಪ್ರಾಯ ಬರೆಯಬೇಕು. ಮೊದಲನೆಯ ಭಾಗಕ್ಕೆ ಆರು ಜನ ಬರೆದರು, ಎರಡನೆಯದಕ್ಕೆ ಐದು. 'ಶೈಲಿ ಗಂಭೀರವಾಗಿದೆ', 'ಪಂಡಿತರ ಬರವಣಿಗೆ' ಎಂಬಂಥ ಮಾತುಗಳು. ಅವನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಈಗಲೂ ಯಾರದು ಯಾವ ಶಾಯಿ ಎಂದು ಹೇಳಬಲ್ಲೆ.

ಓದುಗರಲ್ಲಿ ಒಬ್ಬರು ಬಸ್ಸಿನ ಫಿಟ್ಟರ್ ಸಾಹೇಬರು. ಮಳವಳ್ಳಿಯಿಂದ ಮೈಸೂರಿಗೆ ಹೋಗುವ ಬಸ್ಸನ್ನು ರಿಪೇರಿ ಮಾಡುವುದು ಅವರ ಕೆಲಸ. ಪೆಟ್ರೋಲ್ ಸಿಗದೆ ಬಸ್ಸುಗಳಿಗೆಲ್ಲ ಇದ್ದಿಲಿನ ಒಲೆ ಕಟ್ಟಿದ ದಿನಗಳು ಅವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಡ್ರಮ್ಮು, ಅದರೊಳಗೆ ಇದ್ದಿಲಿನ ಕೆಂಡ. ಅದರಿಂದ ಬರುವ ಗ್ಯಾಸಿನಲ್ಲಿ ಇಂಜಿನ್ ಓಡಬೇಕು. ದಾರಿಯುದ್ದಕ್ಕೂ ಚಕ್ರ ತಿರುಗಿಸಿ ಅದಕ್ಕೆ ಗಾಳಿ ಹಾಕುವವರು ಬೇಕಾದ್ದರಿಂದ ಫಿಟ್ಟರು ಬಸ್ಸಿನ ಜೊತೆಗೇ ಓಡಾಡುತ್ತಿದ್ದರು. ಸಂಜೆ ಬಂದು ಕೈ ತೊಳೆದುಕೊಂಡು, ಬೆರಳು ಇಟ್ಟುಕೊಂಡು, ಒಂದೊಂದೇ ಸಾಲು ಓದುತ್ತಿದ್ದರು. ಎರಡನೆಯ ಭಾಗ ಮುಗಿಸಿದ ದಿನ ನನ್ನನ್ನು ಕೇಳಿದರು:

"ಮೇಷ್ಟ್ರೇ, ನಿಮ್ ನೌಕೆ ಯಾವ್ದುರ್ ಮೇಲೆ ಓಡ್ತದೆ?"

"ಸೂರ್ಯಕಿರಣದ ಶಕ್ತಿ" ಎಂದೆ.

"ಕೆಟ್ಟೋದ್ರೆ ಯಾರ್ ನೋಡ್ತಾರೆ?"

ಕೆಡುವುದಿಲ್ಲ ಎಂದೆ. "ಕೆಡ್ದೇ ಇರೋ ಗಾಡಿ ನಾ ಕಾಣೆ ಬುಡಿ" ಎಂದು ನಕ್ಕು ಹೋದರು.

ಅದಾದ ಕೆಲವೇ ದಿನಗಳಲ್ಲಿ ನನಗೆ ಚಳಿಜ್ವರ ಹಿಡಿಯಿತು. ನಾಲೆ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಅದು ಯಾರನ್ನೂ ಬಿಡುತ್ತಿರಲಿಲ್ಲ. ಕ್ವಿನೈನ್ ಸಿಗುವುದೇ ಕಷ್ಟ. ಹೆಂಡತಿಯ ತವರು ಮದ್ದೂರಿನ ಹತ್ತಿರದ ವೈದ್ಯನಾಥಪುರ. ಅಲ್ಲಿಗೆ ಕರೆದುಕೊಂಡು ಹೋದಳು. ಎರಡು ತಿಂಗಳು ಕಂಬಳಿಯೊಳಗೆ ಕಳೆದೆ. ನನ್ನ ನೌಕೆ ಚಂದ್ರನಿಗೂ ಮಂಗಳನಿಗೂ ನಡುವೆ ನಿಂತಿತ್ತು. ಓದುಗರು ಕಾಯುತ್ತಿದ್ದಾರೆ ಎಂಬುದೊಂದೇ ನನಗೆ ಸಮಾಧಾನ.

ಆಗ ಗುಮಾಸ್ತರ ಕಾರ್ಡು ಬಂತು. 'ಓದುಗರು ನನ್ನನ್ನು ಕೂರಲು ಬಿಡುತ್ತಿಲ್ಲ. ಫಿಟ್ಟರ್ ಸಾಹೇಬರು ಮುಂದಿನ ಕಥೆಯನ್ನು ಬಾಯಲ್ಲಿ ಹೇಳುತ್ತಿದ್ದರು. ಬರೆಯಿರಿ ಎಂದೆ, ಬರೆದರು. ಮೂರನೆಯ ಭಾಗ ಈಗ ಮೇಜಿನ ಮೇಲಿದೆ. ತಾವು ತಪ್ಪು ತಿಳಿಯಬಾರದು.'

ನಾಲ್ಕನೆಯ ಕ್ಲಾಸಿನವರೆಗೆ ಓದಿದ ಮನುಷ್ಯ! ನಾನು ಕಾರ್ಡನ್ನು ಹೆಂಡತಿಯ ಕಡೆ ಎಸೆದೆ. ಅವಳು ಓದಿ, "ಪಾಪ, ಚೆನ್ನಾಗೇ ಬರೆದಿರಬೋದು" ಅಂದಳು. ಅವತ್ತು ನಾನು ಗಂಜಿ ಕುಡಿಯಲಿಲ್ಲ.

ಮಳವಳ್ಳಿಗೆ ವಾಪಸು ಬಂದವನು ಮನೆಗೂ ಹೋಗದೆ ವಾಚನಾಲಯಕ್ಕೆ ಹೋದೆ. ಮೂರನೆಯ ನೋಟ್‌ಬುಕ್ಕಿನ ಅಂಚುಗಳು ಆಗಲೇ ಕಪ್ಪಾಗಿದ್ದವು. ಸಾಹೇಬರ ಕಥೆಯಲ್ಲಿ ನೌಕೆ ಮೊದಲನೆಯ ಪುಟದಲ್ಲೇ ಕೆಟ್ಟು ನಿಲ್ಲುತ್ತದೆ. ಏಳು ಜನರಲ್ಲಿ ಒಬ್ಬ ಅದರ ಬೆನ್ನಿಗೆ ಇದ್ದಿಲ ಡ್ರಮ್ಮು ಕಟ್ಟುತ್ತಾನೆ. ಇದ್ದಿಲು ಎಲ್ಲಿಂದ ಬರಬೇಕು? ನಾಯಕನ ಶ್ರೀಗಂಧದ ಸಿಂಹಾಸನವನ್ನು ಕಡಿದು ಸುಡುತ್ತಾರೆ. ಆ ಸಿಂಹಾಸನದ ಕೆತ್ತನೆಯನ್ನು ನಾನು ಮೊದಲನೆಯ ಭಾಗದಲ್ಲಿ ಎರಡು ಪುಟ ವರ್ಣಿಸಿದ್ದೆ. ಅವರು ಅದನ್ನು ಅರ್ಧ ಸಾಲಿನಲ್ಲಿ ಸುಟ್ಟು ಹಾಕಿದ್ದರು. ಗಾಳಿಯೇ ಇಲ್ಲದ ಕಡೆ ಕೆಂಡ ಹೇಗೆ ಉರಿಯಿತು ಎಂದು ಒಬ್ಬ ಓದುಗನೂ ಕೇಳಿರಲಿಲ್ಲ. ಏಳೂ ಜನ ಸರದಿ ಮೇಲೆ ಗಾಳಿಯ ಚಕ್ರ ತಿರುಗಿಸುತ್ತಾರೆ, ಬೈದಾಡುತ್ತಾರೆ, ಬಿಸಿನೀರಿನಲ್ಲಿ ಹುರುಳಿ ಬೇಯಿಸಿಕೊಂಡು ಮುದ್ದೆ ಉಣ್ಣುತ್ತಾರೆ. ಕಡೆಗೆ 'ನವ್ಕೆ ಕೆಮ್ಮಿ ಕೆಮ್ಮಿ ಎದ್ದಿತು' ಎಂದು ಬರೆದಿದ್ದರು. ನೌಕೆಯನ್ನು 'ನವ್ಕೆ' ಎಂದು ಬರೆದವರು!

ಓದುತ್ತ ಓದುತ್ತ ನಾನೂ ಅವರ ಜೊತೆ ಚಕ್ರ ತಿರುಗಿಸುತ್ತಿದ್ದೆ. ಅದು ಗೊತ್ತಾದಾಗ ನೋಟ್‌ಬುಕ್ಕನ್ನು ಮುಚ್ಚಿ ಹಿಂದಿನ ಹಾಳೆಗಳಿಗೆ ಹೋದೆ.

ನಾಲ್ಕು ಹಾಳೆ ತುಂಬಿ, ಮತ್ತೆರಡು ಅಂಟಿಸಿದ್ದರು. ಟೈಲರೊಬ್ಬ ಬರೆದಿದ್ದ: 'ಮೊದಲಿನ ಎರಡು ಓದುವಾಗ ನಿದ್ದೆ ಬರುತ್ತಿತ್ತು, ಇದರಲ್ಲಿ ಇದ್ದ ನಿದ್ದೆ ಹೋಯಿತು.' ಸರ್ಕಾರದ ಬೇಸಾಯದ ಪ್ರಯೋಗ ನಡೆಯುವ ವಿ.ಸಿ. ಫಾರಂನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ರಜೆಗೆ ಬಂದಾಗ ಓದಿ, 'ಮಂಗಳದ ಮಣ್ಣು ಕೆಂಪಾದರೆ ಅಲ್ಲಿ ರಾಗಿ ಬರುತ್ತದೆ. ಮುಂದಿನ ಭಾಗದಲ್ಲಿ ದಯವಿಟ್ಟು ಬಿತ್ತಿಸಿ' ಎಂದಿದ್ದರು. ನಮ್ಮ ಹೆಡ್ಮಾಸ್ತರು: 'ಭಾಷೆ ಒರಟು. ಆದರೆ ಕೆಳಗಿಡಲು ಆಗಲಿಲ್ಲ.' ಗಂಡನ ಕೈಯಲ್ಲಿ ತರಿಸಿಕೊಂಡು ಓದಿದ್ದ ಒಬ್ಬ ಹೆಂಗಸು ಪೆನ್ಸಿಲಿನಲ್ಲಿ ಬರೆದಿದ್ದಳು: 'ನೌಕೆಯವರು ಹೊರಟು ಇಷ್ಟು ದಿನವಾದ ಮೇಲೆ ಈ ಭಾಗದಲ್ಲಿ ಊಟ ಮಾಡಿದರು. ನೋಡಿ ಸಮಾಧಾನವಾಯಿತು.'

ಕೊನೆಯಲ್ಲಿ, ಹೆಸರು ಹಾಕದೆ ಯಾರೋ: 'ಮೇಷ್ಟ್ರು ಹುಷಾರಾಗಿ ಬಂದ ಮೇಲೂ ಇವರೇ ಬರೆಯಲಿ.'

ಗುಮಾಸ್ತರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು "ಜನಕ್ಕೆ ಹಿಡಿಸಿದೆ" ಎಂದೆ. ಅವರು ಬೀಗದ ಕೈ ಹುಡುಕಲು ಒಳಗೆ ಹೋದಾಗ ಪೆನ್ನನ್ನು ಎಡಗೈಗೆ ತೆಗೆದುಕೊಂಡು, ಅಕ್ಷರ ತಿರುಚಿ ಬರೆದೆ: 'ವಿಭಕ್ತಿ ತಿಳಿಯದವರು ವ್ಯೋಮಕ್ಕೆ ಹಾರಬಾರದು. ಇದು ಕಾದಂಬರಿಯಲ್ಲ, ಗ್ಯಾರೇಜು. ಇತಿ, ಒಬ್ಬ ಭಾಷಾಭಿಮಾನಿ.'

ಮೂರು ದಿನ ಕಳೆಯಿತು. ಸಾಹೇಬರು ಸ್ಕೂಲಿನ ಜಗಲಿಗೆ ಬಂದರು. ಜಗಳಕ್ಕೆ ಬಂದರೆಂದುಕೊಂಡೆ. ಅವರು ಕೆಳಗೇ ನಿಂತು, "ಮೇಷ್ಟ್ರೇ, ಜ್ವರ ಬುಡ್ತಾ?" ಎಂದು ವಿಚಾರಿಸಿದರು. ಆಮೇಲೆ, "ಯಾರೋ ಒಬ್ರು ನನ್ ಬರವಣಿಗೇಲಿ ವಿಭಕ್ತಿ ಇಲ್ಲ ಅಂತ ಬರ್ದವ್ರೆ. ಸರಿಯಾಗೇ ಏಳವ್ರೆ. ನಿಮ್ ಕಥೆಗೆ ನಾ ಕೈ ಆಕ್ದೆ, ತೆಪ್ಪಾಯ್ತು. ಮುಂದುಕ್ ಬರ್ಯೋದಾದ್ರೆ ನೆಟ್ಗೆ ಬರೀಬೇಕು. ನಂಗೆ ಒಸಿ ವ್ಯಾಕರಣ ಕಲ್ಸಿ" ಅಂದರು.

ನಾಳೆಯಿಂದ ಬನ್ನಿ ಎಂದೆ. ದಿನಾ ಸಂಜೆ ಬಸ್ಸು ಬಂದ ಮೇಲೆ ಅವರು ಬರುತ್ತಿದ್ದರು. ಮೈಯೆಲ್ಲ ಇದ್ದಿಲಿನ ವಾಸನೆ. ನಾನು ಸಂಧಿ, ಸಮಾಸ, ತತ್ಸಮ ಎಂದು ಹೇಳುತ್ತಿದ್ದೆ. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಶ್ರದ್ಧೆಯಿಂದ ಕಲಿಯಲಿಲ್ಲ. ನಾಲ್ಕನೆಯ ಭಾಗವನ್ನು ಅವರು ಬರೆದು ತಂದಾಗ ತಿದ್ದಲು ನನಗೇ ಕೊಟ್ಟರು. ನಾನು ತಿದ್ದಿದೆ. ಯಂತ್ರ ಕೆಮ್ಮಿದ ಕಡೆ 'ಯಂತ್ರವು ವಿಕೃತಧ್ವನಿಗೈದಿತು' ಎಂದು ಮಾಡಿದೆ. ಮಂಗಳದಲ್ಲಿ ಇಳಿದ ಏಳು ಜನ ರಾಗಿ ಬಿತ್ತಿ, ಮೊಳಕೆ ಬಂತೇ ಎಂದು ಬಗ್ಗಿ ಬಗ್ಗಿ ನೋಡುವ ಒಂದು ಭಾಗವಿತ್ತು. ಎರಡು ಸಲ ಓದಿದೆ. ಅದನ್ನು 'ಕಥೆಗೆ ಅನಾವಶ್ಯಕ' ಎಂದು ಹೊಡೆದು ಹಾಕಿದೆ. ಸಾಹೇಬರು ಆ ಪುಟವನ್ನು ಸ್ವಲ್ಪ ಹೊತ್ತು ನೋಡಿ, "ನಿಮಗ್ ಗೊತ್ತಿರ್ತದೆ ಬುಡಿ" ಎಂದರು.

ನಾಲ್ಕನೆಯ ಭಾಗಕ್ಕೆ ಬಂದದ್ದು ಮೂರೇ ಅಭಿಪ್ರಾಯ. 'ಇದನ್ನು ಯಾರು ಬರೆದದ್ದು? ಫಿಟ್ಟರು ಎಲ್ಲಿ?' ಎಂದು ಟೈಲರು ಕೇಳಿದ್ದ. ಫಾರಂನವರು 'ರಾಗಿ ಮರೆತಿರಿ' ಎಂದಿದ್ದರು. ಮೂರನೆಯದು, 'ಶೈಲಿ ಗಂಭೀರವಾಗಿದೆ'.

ಅದನ್ನು ಓದಿದ ದಿನ ನಾನು ಶಿಳ್ಳೆ ಹಾಕಿಕೊಂಡು ಮನೆಗೆ ಹೋದೆ. ಮಾರನೆಯ ದಿನ ಸಾಹೇಬರು ವಾಚನಾಲಯದಲ್ಲಿ ಆ ಮೂರು ಅಭಿಪ್ರಾಯಗಳ ಮೇಲೆ ಬೆರಳಿಟ್ಟು ಓದುತ್ತಿದ್ದರು. ಓದಿ ಮುಗಿಸಿ ಹಾಳೆ ತಿರುವಿದರು, ಇನ್ನೂ ಇರಬಹುದೆಂದು. ಖಾಲಿ. ಮತ್ತೊಂದು ಹಾಳೆ ತಿರುವಿದರು. ನಾನು ಬಾಗಿಲಿನಿಂದಲೇ ವಾಪಸು ಬಂದೆ.

ಆಮೇಲೆ ಒಂದು ಬೆಳಿಗ್ಗೆ ಇಲಾಖೆಯ ಕೆಲಸಕ್ಕೆ ಮೈಸೂರಿಗೆ ಹೊರಟಿದ್ದೆ. ಕಿರುಗಾವಲು ಇನ್ನೂ ಒಂದು ಮೈಲಿ ಇರುವಾಗ ಏರಿನಲ್ಲಿ ಬಸ್ಸು ನಿಂತಿತು. ಜನ ಇಳಿದು, ಇದು ದಿನಾ ಇದ್ದದ್ದೇ ಎನ್ನುತ್ತ ನಡೆಯತೊಡಗಿದರು. ಸಾಹೇಬರು ಕಬ್ಬಿಣದ ಸಲಾಕೆಯಿಂದ ಡ್ರಮ್ಮಿನ ಕೆಂಡ ಕೆದಕುತ್ತಿದ್ದರು. ಗಾಳಿಯ ಚಕ್ರ ತಿರುಗಿಸಲು ನಾನು ನಿಂತೆ. ತಿರುಗಿಸುತ್ತ ತಿರುಗಿಸುತ್ತ ಹೇಳಿದೆ:

"ಸಾಹೇಬ್ರೇ, ಆ ಭಾಷಾಭಿಮಾನಿ ನಾನೇ."

ಅವರು ಸಲಾಕೆ ತೆಗೆಯಲಿಲ್ಲ. "ಗ್ಯಾರೇಜು ಅಂತ ಬರ್ದಿದ್ದೋರಾ?"

"ಹೌದು. ರಾಗಿಯ ಭಾಗ ಹೊಡೆದು ಹಾಕಿದ್ದೂ ಬೇಕೂಂತಲೇ. ಅದು ಚೆನ್ನಾಗಿತ್ತು."

"ಯಾಕ್ ಮೇಷ್ಟ್ರೇ?"

"ಹೊಟ್ಟೆಕಿಚ್ಚು."

ಕೆಂಡವನ್ನು ಮತ್ತೆರಡು ಸಲ ಕೆದಕಿದರು. ನಾನು ತಿರುಗಿಸುವುದನ್ನು ನಿಲ್ಲಿಸಿದ್ದೆ.

"ಆ ಮನ್ಸುನ್ನ ನಾ ಎಷ್ಟ್ ಹುಡುಕ್ದೆ ಗೊತ್ತಾ?" ಎಂದರು. "ಬಸ್ನಲ್ ಬರೋರ್ನೆಲ್ಲ ಕೇಳ್ದೆ. ಸಿಕ್ರೆ ಒಂದ್ ಸಲಾಂ ಏಳನಾ ಅಂತ. ಬ್ಯಾರೆಯೋರೆಲ್ಲ ಒಗಳುದ್ರು, ಇವ್ರೊಬ್ರು ತೆಪ್ಪು ತೋರುಸ್ದ್ರಲ್ಲ ಅಂತ." ಸಲಾಕೆಯನ್ನು ಹೊರಗೆಳೆದು ನೆಲಕ್ಕೆ ಬಡಿದರು. "ತಿರುಗ್ಸಿ. ಕೆಂಡ ಆರೋಯ್ತದೆ."

ಮೈಸೂರಿನವರೆಗೆ ಮತ್ತೆ ಮಾತಾಡಲಿಲ್ಲ. ಅವತ್ತಿನಿಂದ ಸ್ಕೂಲಿನ ಜಗಲಿಗೂ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಕೈ ಎತ್ತುತ್ತಿದ್ದರು, ಅಷ್ಟೇ. ಮರ್ಯಾದೆಗೆ ಕೊರತೆಯಿರಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಳೆಗಾಲ ಕಳೆದ ಮೇಲೆ ಐದನೆಯ ಭಾಗ ಬಂತು. ನನಗೆ ತೋರಿಸದೆ ನೇರವಾಗಿ ಗುಮಾಸ್ತರ ಕೈಗೆ ಕೊಟ್ಟಿದ್ದರು. ವಾಚನಾಲಯದಲ್ಲಿ ನಿಂತುಕೊಂಡೇ ಓದಿದೆ. ವಿಭಕ್ತಿಗಳೆಲ್ಲ ಸರಿಯಾಗಿದ್ದವು. ಆದರೆ ಮಾತು ಅವರದೇ. ನೌಕೆ ಮತ್ತೆ ಕೆಮ್ಮುತ್ತಿತ್ತು. ನಾನು ಹೊಡೆದು ಹಾಕಿದ್ದ ರಾಗಿ ಮಂಗಳದಲ್ಲಿ ತೆನೆ ಕಟ್ಟಿತ್ತು. ಕಲಿಸಿದ್ದನ್ನು ಬೇಕಾದಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದ್ದರು. ಪಶ್ಚಾತ್ತಾಪದಿಂದ ನನ್ನ ಮನಸ್ಸು ತಿಳಿಯಾಗಿರಬೇಕಿತ್ತು. ಆಗಿರಲಿಲ್ಲ. ಮೂರನೆಯ ಭಾಗ ಓದಿದ ದಿನಕ್ಕಿಂತ ಹೆಚ್ಚಾಗಿಯೇ ಉರಿಯಿತು. ಆದರೂ ಕೂತು, ಬಲಗೈಯಲ್ಲಿ ಬರೆದೆ: 'ಐದು ಭಾಗಗಳಲ್ಲಿ ಇದೇ ಉತ್ತಮ.' ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ನನ್ನದೂ ಆ ಐದರಲ್ಲಿ ಎರಡಿವೆ ಎಂಬುದು ಬರೆಯುವಾಗ ಕೈಗೆ ಗೊತ್ತಾಗುತ್ತಿತ್ತು.

ಒಂದು ವಾರದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವರೇ ಕರೆದರು. "ನೋಡ್ದೆ ಮೇಷ್ಟ್ರೇ, ನೀವ್ ಬರ್ದಿದ್ನ" ಎಂದರು. "ಆ ಊಟದ್ದೂ ರಾಗೀದೂ ನಂದಲ್ಲ. ರಾಗಿ ಫಾರಂನೋರ್ದು, ಊಟ ನಮ್ಮನೇದು. ಬರ್ದುದ್ನ ದಿನಾ ಮನೇಲಿ ಓದಿ ಏಳ್ತಿದ್ದೆ. ನಮ್ಮನೆಯೋಳು, ಅವ್ರೇನ್ ಉಪಾಸ ಇದ್ದಾರಾ ಅಂತ ಕೇಳುದ್ಲು." ನಕ್ಕರು. ಮೊದಲಿನ ನಗು ಅಲ್ಲ, ಆದರೂ ನಗುವೇ.

ನಾನು ಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ, "ನನ್ನ ಎರಡು ಭಾಗ ಓದಿದ್ದೀಯಾ?" ಅವಳು ಅಕ್ಕಿ ಆರಿಸುತ್ತಿದ್ದಳು. "ನೀವು ಯಾವತ್ತು ಕೊಟ್ಟಿರಿ?" ಅಂದಳು.

ಯುದ್ಧ ಮುಗಿದು ಪೆಟ್ರೋಲ್ ಸಿಗತೊಡಗಿತು. ಬಸ್ಸುಗಳ ಬೆನ್ನಿನಿಂದ ಡ್ರಮ್ಮುಗಳನ್ನು ಕಳಚಿದರು. ಸಾಹೇಬರು ಮಂಡ್ಯದಲ್ಲಿ ಲಾರಿಗಳ ಕೆಲಸ ಹಿಡಿದು ಸಂಸಾರದ ಸಮೇತ ಹೊರಟರು. ಹೊರಡುವ ಮುಂಚೆ ಅವರ ಮೂರು ನೋಟ್‌ಬುಕ್ಕುಗಳನ್ನು ಕೇಳಿದವರು ಎಷ್ಟೋ ಜನ. ಒಂದನ್ನು ಟೈಲರು ತೆಗೆದುಕೊಂಡ, ಒಂದು ಫಾರಂಗೆ ಹೋಯಿತು, ಮತ್ತೊಂದು ಪೆನ್ಸಿಲಿನಲ್ಲಿ ಬರೆದಿದ್ದ ಆ ಹೆಂಗಸಿನ ಮನೆ ಸೇರಿತು ಎಂದು ಗುಮಾಸ್ತರು ಹೇಳಿದರು. ನನ್ನ ಎರಡು ಭಾಗಗಳು ವಾಚನಾಲಯದ ಬೀರುವಿನಲ್ಲೇ ಉಳಿದವು. ಅವನ್ನು ಯಾರೂ ಕೇಳಲಿಲ್ಲ. ಕಡೆಗೆ ನಾನೇ ಹೋಗಿ ತಂದೆ.